ಆಗಮ, ಆದೇಶ

ಈ ಹೋಟೆಲು ನಿಂತ ಜಾಗ
ಹಳೆಯ ನಕಾಶೆಯಲ್ಲಿ ನೀಲಿ.
ಮನಾಮಾದ ಉತ್ತರದ ಅಂಚಿಗೆ ಡ್ರೆಜರು ಉಗುಳಿದ ಮರಳು,
ಅದರ ಮೇಲೆ ಹದಿನೆಂಟು ಮಹಡಿ;
ಹನ್ನೊಂದನೆಯದರಲ್ಲಿ ನಾವು, ಮೂರು ದಿನದಿಂದ,
ಯಾರ ತಾಯಿಯೂ ಆಡದ ಒಂದು ಭಾಷೆಗೆ
ಹೊಸ ವಾಕ್ಯವೊಂದನ್ನು ಸೇರಿಸಬೇಕೋ ಬೇಡವೋ ಎಂದು
ಬಿಸ್ಕತ್ತು ಮುರಿಯುತ್ತ ಕುಳಿತವರು.

ನಾನು ನಡಾವಳಿ ಬರೆಯುವವಳು. ನನಗೆ ಮತವಿಲ್ಲ.
ಮೇಜಿನುದ್ದಕ್ಕೂ ಹನ್ನೆರಡು ದೇಶದ ಪುಟ್ಟ ಬಾವುಟ.
ಏಳರ ಹಿಂದೆ ಕುಳಿತವರಿಗೆ ಸಂಬಳ ಬರುವುದು
ಒಂದೇ ಕಂಪನಿಯಿಂದ.
ಸಭಾಂಗಣದ ಬಾಡಿಗೆ, ಏಲಕ್ಕಿ ಹಾಕಿದ ಕಾಫಿ,
ನನ್ನ ಕೈಯಲ್ಲಿರುವ ಪೆನ್ನು ಕೂಡ ಅವರದೇ.
ಚೆನ್ನಾಗಿ ಬರೆಯುತ್ತದೆ, ಸುಳ್ಳು ಹೇಳಬಾರದು.

ಇಲ್ದಿಕೋ ಎದ್ದು ಪರದೆ ಬೆಳಗಿಸಿದಳು.
ಹನ್ನೆರಡು ಸಾಲಿನ ಕೆಲಸ ಎರಡೇ ಸಾಲಿನಲ್ಲಿ.
ಎಷ್ಟು ಚಂದ! ಒಳಗೊಳಗೇ ಚಪ್ಪಾಳೆ ತಟ್ಟಿದೆ.
'ಇದು ಪ್ರಸ್ತಾಪ ಅಷ್ಟೆ' ಎಂದಳು. ಆಮೇಲೆ ಮೆಲ್ಲಗೆ,
'ನಮ್ಮಲ್ಲಿ ಎರಡು ವರ್ಷದಿಂದ ಬಳಕೆಯಲ್ಲಿದೆ.
ನಾಲ್ಕು ಕೋಟಿ ಸಾಲು ಬರೆದಾಗಿದೆ.'

ತೊಟ್ಟಿಲ ಶಾಸ್ತ್ರಕ್ಕೆ ಕರೆ ಬಂತೆಂದು ಹೋದರೆ
ಮಗು ಅಂಗಳದಲ್ಲಿ ಸೈಕಲ್ಲು ಹೊಡೆಯುತ್ತಿದೆ.

ಕಿನ್ನಿಗೋಳಿಯ ಶಾಲೆಯಲ್ಲಿ, ಮನೆಯಲ್ಲಿ ಕೊಂಕಣಿಯಾಡುವ ನನಗೆ,
ವಾರಿಜಾ ಟೀಚರ್ ಸಂಧಿ ಕಲಿಸಿದ್ದರು:
ಇದ್ದದ್ದು ಹೋದರೆ ಲೋಪ.
ಇಲ್ಲದ್ದು ಬಂದರೆ ಆಗಮ.
ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಆದೇಶ.
'ಮನೆ'ಗೆ 'ಅನ್ನು' ಸೇರಿ 'ಮನೆಯನ್ನು' ಆಯಿತಲ್ಲ,
ಆ ಯಕಾರವನ್ನು ತಂದವರು ಯಾರು ಟೀಚರ್?
'ಯಾರೂ ಅಲ್ಲ ಮಾರಾಯ್ತಿ. ಎರಡು ಸ್ವರ ಡಿಕ್ಕಿ ಹೊಡೆದು ಹೊಡೆದು
ಜನರ ಬಾಯಿ ಸವೆದು
ತಾನೇ ಬಂತು.'

ಸಿತ್ರಾದ ಮಕ್ಕಿ ಮರ್ಹೂನ್ ಕೈಯೆತ್ತಿದ.
ಗೋಡೆಯ ಬದಿ, ವೀಕ್ಷಕರ ಕುರ್ಚಿ, ಬಾವುಟವಿಲ್ಲ.
ಕಡಲನ್ನು ಕುಡಿಯುವ ನೀರು ಮಾಡುವ ಸ್ಥಾವರದ ಪಂಪುಗಳಿಗೆ
ಒಂದು ಸಣ್ಣ ಕಂಪೈಲರನ್ನು ಇಪ್ಪತ್ತಾರು ವರ್ಷ
ಒಬ್ಬನೇ ಸಾಕಿದವನು.
'ನಿಮ್ಮ ಈ ಎರಡು ಸಾಲಿಗೆ
ನಾನು ಒಳಗೆ ಒಂಬತ್ತು ಸಾವಿರ ಸಾಲು ಬರೆಯಬೇಕು.
ನನಗೀಗ ಐವತ್ತೊಂಬತ್ತು.'
ಯಾರೋ ನಕ್ಕರು. ಕೆಟ್ಟ ನಗೆಯೇನಲ್ಲ.
'ಬೇಡದಿದ್ದರೆ ಬಳಸಬೇಡಿ' ಎಂದಿತು ಮೂರನೆಯ ಬಾವುಟ.
'ಬಳಸುವುದು ನನ್ನಿಷ್ಟ. ಓದುವುದು?
ಪಕ್ಕದವನು ಬರೆದು ಹೋದದ್ದನ್ನು,
ರಾತ್ರಿ ಎರಡಕ್ಕೆ, ಪಂಪು ನಿಂತಾಗ?'

ಬಿಡುವಿನಲ್ಲಿ ಕಿಟಕಿಯ ಗಾಜಿಗೆ ಬೆರಳೊತ್ತಿ ತೋರಿಸಿದ:
ಇಲ್ಲೇ ಎಲ್ಲೋ ಅವನಜ್ಜನ ಹದ್ರಾ ಇತ್ತಂತೆ,
ಖರ್ಜೂರದ ಗರಿಯ ಬೇಲಿ, ಸುತ್ತಿ ಸುತ್ತಿ ಒಂದು ಪುಟ್ಟ ಕೋಣೆ.
ಭರತಕ್ಕೆ ಮೀನು ತಾನಾಗಿ ಒಳಬರುತ್ತದೆ.
ಇಳಿತಕ್ಕೆ ಬೇಲಿ ನೆನಪಾಗುತ್ತದೆ.
'ಸೇರಿಸಲು ಈ ಕೋಣೆ ಸರಿ' ಎಂದ.
'ತೆಗೆಯಲು ಯಾವ ಕೋಣೆ ಕಾದಿರಿಸಿದ್ದೀರಿ?'
ಕೇಳಬೇಕಾದವರು ಕಾಫಿಯ ಸಾಲಿನಲ್ಲಿದ್ದರು.
ಕೇಳಿಸಿಕೊಂಡದ್ದು ನಾನು.

ಒಂಬತ್ತು ಕೈ ಮೇಲೆ. ಇಬ್ಬರು ತಟಸ್ಥ.
ಒಬ್ಬರು ಫೋನು ಬಂತೆಂದು ಹೊರಗೆ.
'ಬಲವಾದ ವಿರೋಧ ಇರಲಿಲ್ಲ, ಹಾಗೆ ಬರೆಯಿರಿ ಫ್ಲೇವಿಯಾ.'
ಬರೆದೆ. ಕಲಂ ಮೂವತ್ತೊಂದು, ಉಪಕಲಂ ನಾಲ್ಕು.
ಪುಟದ ಅಂಚಿನಲ್ಲಿ, ಆ ಮಹಡಿಯಲ್ಲಿ ಯಾರೂ ಓದಲಾರದ ಅಕ್ಷರದಲ್ಲಿ
ಆಗಮ ಎಂದು ಬರೆದು,
ಹೊಡೆದುಹಾಕಿ,
ಆದೇಶ ಎಂದು ಬರೆದೆ.

ಮಕ್ಕಿ ಬಗ್ಗಿ ನೋಡಿದ:
'ಈ ಗುಂಡು ಗುಂಡು ಏನು, ಮೀನುಗಳಾ?'

ಪೆನ್ನನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದೆ.
ಲಿಫ್ಟಿನಲ್ಲಿ ನೋಡುತ್ತೇನೆ, ಅವರು ಕೊಟ್ಟ ಚೀಲದಲ್ಲಿ
ಅಂಥವೇ ಇನ್ನೂ ಎರಡು.